ಟಿಕೆಟ್ ಒಬ್ಬರದ್ದು, ರಾತ್ರಿ ಇನ್ನೊಬ್ಬರದ್ದು

ಟಿಕೆಟ್ ಮೇಲೆ ಅವರ ಹೆಸರೇ ಇರಲಿಲ್ಲ. "ಜೊತೆಗೆ ವಿಶೇಷ ಅತಿಥಿಗಳು" ಅಂತ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು, ಅಷ್ಟೇ. ವಿಶೇಷ ಅತಿಥಿಗಳು ಅಂದರೆ ಯಾರು ಅಂತ ಕಾನ್ಸರ್ಟ್‌ಗೆ ಹೋಗಿ ರೂಢಿ ಇರುವವರಿಗೆಲ್ಲ ಗೊತ್ತು. ನೀವು ಪಾರ್ಕಿಂಗ್ ಹುಡುಕುತ್ತಿರುವಾಗ, ಗೇಟಿನಲ್ಲಿ ಬ್ಯಾಗ್ ಬಿಚ್ಚಿ ತೋರಿಸುತ್ತಿರುವಾಗ, ಒಳಗಿನಿಂದ ಧಬ ಧಬ ಅಂತ ಯಾರದೋ ಡ್ರಮ್ಸ್ ಕೇಳಿಸುತ್ತದಲ್ಲ, ಅವರು.

ನಾನು ಅವತ್ತು ಬೇಗ ಹೋಗಿದ್ದು ಸಂಗೀತದ ಮೇಲಿನ ಪ್ರೀತಿಯಿಂದ ಅಲ್ಲ. ಮುಂದೆ ಜಾಗ ಹಿಡಿಯಬೇಕಿತ್ತು. ಹನ್ನೆರಡು ವರ್ಷದಿಂದ ಹುಚ್ಚು ಹಿಡಿದವನ ಹಾಗೆ ಕೇಳಿಕೊಂಡು ಬಂದಿದ್ದ ಬ್ಯಾಂಡು ಅದು. ಹೆಸರು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ, ಜೊತೆಗೆ ಅವರ ಮೇಲೆ ಈಗಲೂ ಸ್ವಲ್ಪ ಪ್ರೀತಿ ಉಳಿದಿದೆ.

ಒಳಗೆ ಹೋದಾಗ ಹಾಲ್ ಕಾಲು ಭಾಗ ತುಂಬಿತ್ತು. ಸ್ಟೇಜಿನ ಹಿಂಭಾಗದಲ್ಲಿ ದೊಡ್ಡ ಬ್ಯಾಂಡಿನ ಡ್ರಮ್ ಸೆಟ್ಟು ಕಪ್ಪು ಬಟ್ಟೆ ಹೊದ್ದುಕೊಂಡು ಗುಡ್ಡದ ಹಾಗೆ ಕೂತಿತ್ತು. ಅದರ ಮುಂದೆ ಉಳಿದ ನಾಲ್ಕೈದು ಅಡಿ ಜಾಗದಲ್ಲಿ ಮೂರು ಜನ ಬಂದು ಸಾಲಾಗಿ ನಿಂತರು, ಬಸ್ಸಿಗೆ ಕಾಯುವವರ ಹಾಗೆ. ಡ್ರಮ್ಮರ್‌ಗೆ ಎದುರು ಮುಖ ಮಾಡಿ ಕೂರಲು ಜಾಗ ಸಾಲದೆ ಅಡ್ಡಡ್ಡ ಕೂತಿದ್ದ. ಮೇಲಿದ್ದ ಲೈಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಉರಿಯುತ್ತಿರಲಿಲ್ಲ. ಹಾಡುವವನು ತನ್ನ ಗಿಟಾರನ್ನು ತಾನೇ ಶ್ರುತಿ ಮಾಡಿಕೊಂಡ, ಮೈಕ್ ಸ್ಟ್ಯಾಂಡಿನ ಎತ್ತರವನ್ನೂ ತಾನೇ ಸರಿಮಾಡಿಕೊಂಡ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಶುರು ಮಾಡಿದರು.

ಮೊದಲ ಹಾಡನ್ನು ನಾನು ಕೇಳಲೇ ಇಲ್ಲ. ಮಾತಾಡುತ್ತಿದ್ದೆ, ಎಲ್ಲರೂ ಮಾತಾಡುತ್ತಿದ್ದರು. ಎರಡನೆಯದರ ನಡುವೆ ಯಾಕೋ ತಲೆ ಎತ್ತಿ ನೋಡಿದೆ. ಮೂರನೆಯದು ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ಗಿಟಾರಿನ ತಂತಿ ಒಂದು ಟಪ್ ಅಂತ ಹರಿಯಿತು.

ದೊಡ್ಡ ಬ್ಯಾಂಡುಗಳಿಗೆ ಇದು ಲೆಕ್ಕಕ್ಕೇ ಇಲ್ಲ. ಪಕ್ಕದಲ್ಲಿ ಒಬ್ಬ ಗಿಟಾರ್ ಟೆಕ್ನೀಷಿಯನ್ ಇನ್ನೊಂದು ಗಿಟಾರ್ ಹಿಡಿದು ಕಾಯುತ್ತಿರುತ್ತಾನೆ, ಹತ್ತು ಸೆಕೆಂಡಿನಲ್ಲಿ ಕೈ ಬದಲಾಗುತ್ತದೆ, ಕೇಳುವವರಿಗೆ ಗೊತ್ತೂ ಆಗುವುದಿಲ್ಲ. ಇವರ ಹತ್ತಿರ ಇದ್ದದ್ದು ಒಂದೇ ಗಿಟಾರು. ಅವನು ಬೇಸ್ ಬಾರಿಸುವವಳ ಕಡೆ ನೋಡಿದ, ಅವಳು ತಲೆ ಆಡಿಸಿದಳು. ಹಾಡು ನಿಲ್ಲಲಿಲ್ಲ. ಅವಳು ನಾಲ್ಕೇ ಸ್ವರಗಳನ್ನು ಸುತ್ತಿ ಸುತ್ತಿ ನುಡಿಸುತ್ತಾ ಹೋದಳು, ಡ್ರಮ್ಮರ್ ದನಿ ಇಳಿಸಿ ಡ್ರಮ್ಮಿನ ಅಂಚಿಗೆ ಮಾತ್ರ ಟಕ್ ಟಕ್ ಅಂತ ಹೊಡೆಯತೊಡಗಿದ. ಇವನು ಸ್ಟೇಜಿನ ತುದಿಗೆ ಬಂದು ಕಾಲು ಇಳಿಬಿಟ್ಟು ಕೂತ, ಗಿಟಾರನ್ನು ತೊಡೆ ಮೇಲೆ ಮಲಗಿಸಿದ, ಜೇಬಿನಿಂದ ಹೊಸ ತಂತಿ ತೆಗೆದ. ಮುಂದಿನ ಸಾಲಿನಲ್ಲಿ ಯಾರೋ ಫೋನಿನ ಟಾರ್ಚ್ ಹಾಕಿದರು. ಇನ್ನೊಬ್ಬರೂ ಹಾಕಿದರು. ತಂತಿ ಪೋಣಿಸಿ ಕೀಲಿ ತಿರುಗಿಸುತ್ತಾ ತಿರುಗಿಸುತ್ತಾ, ಅವಳ ಆ ನಾಲ್ಕು ಸ್ವರಗಳನ್ನೇ ಹಿಡಿದು ಶ್ರುತಿ ಕೂಡಿಸತೊಡಗಿದ. ತಂತಿ ಮೇಲೇರುವ ಆ ಊಂ ಅನ್ನುವ ಸದ್ದೂ ತಾಳಕ್ಕೆ ಸರಿಯಾಗಿ ಬೀಳುತ್ತಿತ್ತು. ಸ್ವಲ್ಪ ಕಮ್ಮಿ, ಇನ್ನೂ ಸ್ವಲ್ಪ, ಇನ್ನೊಂದು ಚೂರು. ಅಷ್ಟು ಹೊತ್ತಿಗೆ ಹಾಲ್‌ನಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಒಂದು ತಂತಿ ಶ್ರುತಿಗೆ ಬರುತ್ತದೋ ಇಲ್ಲವೋ ಅಂತ ಇಷ್ಟು ಜನ ಉಸಿರು ಬಿಗಿಹಿಡಿದು ನಿಂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಬಂತು. ಅವನು ಎದ್ದು ನಿಂತು ಪೂರ್ತಿ ಕೈ ಬೀಸಿ ಬಾರಿಸಿದ ನೋಡಿ, ಜನ ಕೂಗಿದ ಕೂಗಿಗೆ ಹೊರಗಿದ್ದವರೆಲ್ಲ ಒಳಗೆ ಓಡಿ ಬಂದರು.

ಮೂವತ್ತೈದು ನಿಮಿಷ. ಆಮೇಲೆ ತಮ್ಮ ಆ್ಯಂಪ್‌ಗಳನ್ನು ತಾವೇ ಎತ್ತಿಕೊಂಡು ಹೋದರು.

ನಂತರ ಐವತ್ತು ನಿಮಿಷ ಕಾಯಿಸಿ ನನ್ನ ಹನ್ನೆರಡು ವರ್ಷದ ಪ್ರೀತಿ ಸ್ಟೇಜಿಗೆ ಬಂತು. ಹೊಗೆ ಬಂತು, ಪರದೆ ಮೇಲೆ ವಿಡಿಯೋ ಬಂತು, ಲೈಟುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ತಪ್ಪು ಅನ್ನುವಂಥದ್ದು ಏನೂ ಇರಲಿಲ್ಲ. ಅದೇ ಕಷ್ಟ. ಎಲ್ಲ ಸಿಡಿಯಲ್ಲಿ ಇದ್ದ ಹಾಗೇ ಇತ್ತು, ಹೊಸ ಆಲ್ಬಂನಿಂದ ಸಾಲಾಗಿ ಆರು ಹಾಡು, ನಮಗೆ ಬೇಕಾದ ಹಳೆಯ ಹಾಡು ಬಂದಾಗ ಗಾಯಕ ಮೈಕನ್ನು ನಮ್ಮ ಕಡೆ ಹಿಡಿದುಬಿಟ್ಟ. ಅರೆ, ನಿನ್ನ ಹಾಡು ಕೇಳೋಕೆ ಬಂದವರು ನಾವು, ನಾವೇ ಹಾಡಬೇಕಾ? ಪಕ್ಕದಲ್ಲಿದ್ದ ಗೆಳೆಯ ಕಿವಿ ಹತ್ತಿರ ಬಂದು ಕೂಗಿದ: "ಆ ಮೂವರನ್ನೇ ಇನ್ನೊಂದ್ಸಲ ಕರೆದ್ರೆ ಚೆನ್ನಾಗಿರತ್ತೆ ಕಣೋ!" ನಾನು ಉತ್ತರ ಕೊಡಲಿಲ್ಲ. ನನಗೂ ಅದೇ ಅನ್ನಿಸುತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ ಅಷ್ಟೇ.

ಅವತ್ತಿನಿಂದ ಇಂಥ ಕಥೆಗಳನ್ನು ಹುಡುಕಿ ಓದುವ ಒಂದು ಚಟ ಹತ್ತಿಕೊಂಡಿದೆ. ಓದಿದಷ್ಟೂ ಸಿಗುತ್ತವೆ. ರಾಕ್ ಸಂಗೀತದ ಚರಿತ್ರೆಯಲ್ಲಿ ಅರ್ಧ ಭಾಗ ಇದೇ ಇರಬೇಕು, ಯಾರೋ ಯಾರ ಮುಂದೆಯೋ ಹಾಡಿ ಅವರ ಅನ್ನಕ್ಕೆ ಕಲ್ಲು ಹಾಕಿದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1964ರದ್ದು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಅಕ್ಟೋಬರ್ ಕೊನೆಯಲ್ಲಿ ಎರಡು ದಿನ ಒಂದು ದೊಡ್ಡ ಸಂಗೀತ ಕಾರ್ಯಕ್ರಮ ನಡೆಸಿ ಅದನ್ನು ಸಿನಿಮಾಕ್ಕಾಗಿ ಚಿತ್ರೀಕರಿಸಿದರು. ಚಕ್ ಬೆರಿ, ಬೀಚ್ ಬಾಯ್ಸ್, ಸುಪ್ರೀಮ್ಸ್, ಮಾರ್ವಿನ್ ಗೇ, ಒಬ್ಬರಿಗಿಂತ ಒಬ್ಬರು. ಕೊನೆಯ ಜಾಗ ರೋಲಿಂಗ್ ಸ್ಟೋನ್ಸ್‌ಗೆ. ಅದಕ್ಕೆ ಮುಂಚಿನದು ಜೇಮ್ಸ್ ಬ್ರೌನ್‌ಗೆ. ತಾನು ಕೊನೆಯವನಲ್ಲ ಅನ್ನುವುದು ಬ್ರೌನ್‌ಗೆ ಹಿಡಿಸಲಿಲ್ಲ. ಹಿಡಿಸದಿದ್ದರೆ ಏನು ಮಾಡಿದ ಅನ್ನುವುದು ಈಗಲೂ ವಿಡಿಯೋದಲ್ಲಿದೆ, ಒಮ್ಮೆ ನೋಡಿ. ಒಂಟಿ ಕಾಲಿನಲ್ಲಿ ಜಾರುತ್ತಾನೆ, ಕುಸಿದು ಮೊಣಕಾಲ ಮೇಲೆ ಬೀಳುತ್ತಾನೆ, ಜೊತೆಯವರು ಬಂದು ಭುಜದ ಮೇಲೆ ಹೊದಿಕೆ ಹಾಕಿ ಮೆಲ್ಲಗೆ ಹೊರಗೆ ಕರೆದುಕೊಂಡು ಹೋಗುತ್ತಾರೆ, ಇನ್ನೇನು ಮುಗಿಯಿತು ಅನ್ನುವಾಗ ಹೊದಿಕೆ ಕಿತ್ತೆಸೆದು ಮತ್ತೆ ಮೈಕಿಗೆ ಓಡುತ್ತಾನೆ. ಮತ್ತೆ ಕುಸಿಯುತ್ತಾನೆ, ಮತ್ತೆ ಹೊದಿಕೆ. ನಾಟಕ ಅಂತ ಗೊತ್ತಿದ್ದೂ ನೋಡುವವರ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಇದಾದ ಮೇಲೆ ಆ ಸಿನಿಮಾದಲ್ಲಿ ಸ್ಟೋನ್ಸ್ ಬರುತ್ತಾರೆ. ಪಾಪ, ಚೆನ್ನಾಗಿಯೇ ಹಾಡಿದ್ದಾರೆ. ಆದರೆ ಜೇಮ್ಸ್ ಬ್ರೌನ್ ನಂತರ ಸ್ಟೇಜ್ ಹತ್ತಿದ್ದು ತಮ್ಮ ಜೀವನದ ದೊಡ್ಡ ತಪ್ಪು ಅಂತ ಸ್ಟೋನ್ಸ್‌ನ ಗಿಟಾರಿಸ್ಟ್ ಕೀತ್ ರಿಚರ್ಡ್ಸ್ ಆಮೇಲೆ ಹೇಳಿಕೊಂಡಿದ್ದಾರೆ.

ತಮಾಷೆ ಅಂದರೆ ಸ್ಟೋನ್ಸ್‌ಗೆ ಇದು ಅಲ್ಲಿಗೇ ಮುಗಿಯಲಿಲ್ಲ. 1976ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ನೆಬ್‌ವರ್ತ್ ಬಯಲಿನಲ್ಲಿ ಅವರಿಗಾಗಿ ನಾಲಿಗೆ ಆಕಾರದ, ಜನರ ನಡುವೆ ಚಾಚಿಕೊಂಡಿದ್ದ ಸ್ಟೇಜ್ ಕಟ್ಟಿದ್ದರು. ಆ ನಾಲಿಗೆ ಮೇಲೆ ಬೇರೆ ಯಾರೂ ಕಾಲಿಡಬಾರದು ಅಂತ ಹೇಳಿದ್ದರಂತೆ. ಮಧ್ಯಾಹ್ನ ಹಾಡಲು ಬಂದ ಲಿನರ್ಡ್ ಸ್ಕಿನರ್ಡ್ ಬ್ಯಾಂಡಿನವರು ತಮ್ಮ ಕೊನೆಯ ಹಾಡಿನಲ್ಲಿ ಗಿಟಾರ್ ಹಿಡಿದುಕೊಂಡು ಸೀದಾ ನಾಲಿಗೆಯ ತುದಿಗೇ ನಡೆದು ಹೋದರು. ಬೇಡ ಅಂದರೆ ಮೊದಲು ಅದನ್ನೇ ಮಾಡುವವರು ಇರುತ್ತಾರಲ್ಲ, ಹಾಗೆ. ಸ್ಟೋನ್ಸ್ ಬಂದದ್ದು ರಾತ್ರಿ ತುಂಬಾ ತಡವಾಗಿ. ಆ ದಿನದ ಬಗ್ಗೆ ಈಗ ಮಾತಾಡುವವರಲ್ಲಿ ಬಹಳಷ್ಟು ಜನ ನೆನೆಸಿಕೊಳ್ಳುವುದು ಆ ಮಧ್ಯಾಹ್ನವನ್ನೇ.

ಇನ್ನೊಂದು ಇದೆ, ಅದನ್ನು ಓದಿದಾಗ ನನಗೆ ನಗುವಿಗಿಂತ ಅಯ್ಯೋ ಅನ್ನಿಸಿತು. 1974ರ ಆಗಸ್ಟ್, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್. ಅವತ್ತು ಆ್ಯನ್ ಮರ್ರೆ ಮತ್ತು ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಇಬ್ಬರೂ ಒಂದೇ ವೇದಿಕೆಯಲ್ಲಿ. ಮರ್ರೆ ಆಗ ರೇಡಿಯೋದಲ್ಲಿ ದೊಡ್ಡ ಹೆಸರು. ಸ್ಪ್ರಿಂಗ್‌ಸ್ಟೀನ್ ಎರಡು ಆಲ್ಬಂ ಮಾಡಿದ್ದರೂ ಹೊರಗೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲದವನು, ಆದರೆ ಆ ಸುತ್ತಮುತ್ತ ಅವನದೇ ಹುಚ್ಚು. ಕೊನೆಗೆ ನಮ್ಮವರೇ ಹಾಡಬೇಕು ಅಂತ ಮರ್ರೆ ಕಡೆಯವರು ಪಟ್ಟು ಹಿಡಿದರು. ಹಿಡಿದದ್ದು ಸಿಕ್ಕಿತು. ಅವನ ಹಾಡು ಮುಗಿಯುತ್ತಿದ್ದ ಹಾಗೆ ಜನ ಎದ್ದು ಮನೆ ಕಡೆ ಹೊರಟರು. ಆಕೆಯದು ಮೆಲುದನಿಯ, ಅಚ್ಚುಕಟ್ಟಾದ ಹಾಡುಗಾರಿಕೆ. ಅದರಲ್ಲಿ ಏನು ತಪ್ಪು ಹೇಳಿ? ಸರದಿಯನ್ನು ಬರೆದವರು ಹೆಸರಿನ ಅಳತೆ ನೋಡಿ ಬರೆದರೇ ಹೊರತು ಒಂದು ಹಾಡಿನ ಬಿಸಿ ಇನ್ನೊಂದಕ್ಕೆ ಏನು ಮಾಡುತ್ತದೆ ಅಂತ ಯೋಚಿಸಲಿಲ್ಲ.

ಹೀಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. 1978ರಲ್ಲಿ ಬ್ಲ್ಯಾಕ್ ಸಬ್ಬತ್ ತಮ್ಮ ಟೂರ್‌ಗೆ ವ್ಯಾನ್ ಹೇಲನ್ ಅನ್ನುವ ಹೊಸ ಹುಡುಗರನ್ನು ಕರೆದುಕೊಂಡು ಹೋಗಿ ದಿನಾ ರಾತ್ರಿ ಏಟು ತಿಂದರು, ಸಬ್ಬತ್ ಗಾಯಕ ಆಝಿ ಆಸ್ಬೋರ್ನ್ ಅದನ್ನು ಮುಚ್ಚಿಟ್ಟಿಲ್ಲ. 1988ರಲ್ಲಿ ಏರೋಸ್ಮಿತ್‌ಗೆ ಓಪನಿಂಗ್ ಮಾಡುತ್ತಿದ್ದ, ಅಂದರೆ ಅವರಿಗಿಂತ ಮೊದಲು ಹಾಡುತ್ತಿದ್ದ ಗನ್ಸ್ ಎನ್ ರೋಸಸ್ ಟೂರ್ ನಡುವೆಯೇ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿಬಿಟ್ಟಿತು. ಅಲ್ಲಿಂದ ಮುಂದೆ ಯಾರಿಗೆ ಯಾರು ಓಪನಿಂಗ್ ಅಂತ ಕೇಳುವ ಹಾಗಾಯಿತು. 1991ರ ಡಿಸೆಂಬರ್ 31ರ ರಾತ್ರಿಯದಂತೂ ಈಗ ನೆನೆಸಿಕೊಂಡರೆ ನಂಬುವುದು ಕಷ್ಟ: ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಕೌ ಪ್ಯಾಲೇಸ್‌ನಲ್ಲಿ ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್ ಕಾರ್ಯಕ್ರಮ, ಅವರಿಗಿಂತ ಮೊದಲು ಹಾಡಿದವರು ಪರ್ಲ್ ಜಾಮ್ ಮತ್ತು ನಿರ್ವಾಣ. ನಿರ್ವಾಣದ ಆಲ್ಬಂ ಹತ್ತೇ ಹನ್ನೊಂದು ದಿನದಲ್ಲಿ ಅಮೆರಿಕದ ನಂಬರ್ ಒನ್ ಆಯಿತು. ಆ ರಾತ್ರಿ ತಡವಾಗಿ ಬಂದವರು ಇದ್ದೇ ಇರುತ್ತಾರೆ. ಅವರು ಇವತ್ತಿಗೂ ಯಾರಿಗೂ ಹೇಳಿಕೊಂಡಿರಲಿಕ್ಕಿಲ್ಲ.

ಆದರೆ ಒಂದು ವಿಷಯ. ಓಪನಿಂಗ್ ಮಾಡುವವರು ಚೆನ್ನಾಗಿದ್ದರೆ ಗೆಲ್ಲುತ್ತಾರೆ ಅಂತೇನೂ ಇಲ್ಲ. ಬರೀ ಗೆದ್ದವರ ಕಥೆ ಉಳಿದುಕೊಂಡು ಹಾಗೆ ಕಾಣುತ್ತದೆ ಅಷ್ಟೇ. 1967ರ ಜುಲೈಯಲ್ಲಿ ಜಿಮಿ ಹೆಂಡ್ರಿಕ್ಸ್, ಹೌದು ಅದೇ ಹೆಂಡ್ರಿಕ್ಸ್, ಮಂಕೀಸ್ ಅನ್ನುವ ಟಿವಿ ಬ್ಯಾಂಡಿಗೆ ಓಪನಿಂಗ್ ಮಾಡುತ್ತಿದ್ದ. ಕೇಳುವವರು ಸಣ್ಣ ಸಣ್ಣ ಹುಡುಗಿಯರು, ಅವರಿಗೆ ಬೇಕಾದದ್ದು ಮಂಕೀಸ್‌ನ ಗಾಯಕ ಡೇವಿ ಜೋನ್ಸ್. ಹೆಂಡ್ರಿಕ್ಸ್ ಗಿಟಾರಿನಲ್ಲಿ ಏನು ಮಾಡಿದರೂ ಅವರು "ಡೇವಿ, ಡೇವಿ" ಅಂತ ಕೂಗುವುದನ್ನು ಬಿಡಲಿಲ್ಲ. ಒಂದು ವಾರ ಚಿಲ್ಲರೆ ತಡೆದುಕೊಂಡು ಟೂರ್ ಬಿಟ್ಟುಹೋದ. ಬಿಟ್ಟದ್ದಕ್ಕೆ ಕಾರಣ ಬೇಕಲ್ಲ, ಒಂದು ಮಹಿಳಾ ಸಂಘದವರು ಅವನ ಆಟ ಅಸಭ್ಯ ಅಂತ ದೂರು ಕೊಟ್ಟಿದ್ದಾರೆ ಅಂತ ಸುಳ್ಳು ಸುದ್ದಿ ಹಬ್ಬಿಸಿದರು. ಎಷ್ಟೋ ವರ್ಷ ಜನ ಅದನ್ನೇ ನಿಜ ಅಂದುಕೊಂಡಿದ್ದರು.

ಇದೇ ಹೆಂಡ್ರಿಕ್ಸ್ ಮೂರು ವಾರ ಮುಂಚೆ, ಜೂನ್ 18ರಂದು, ಮಾಂಟೆರೇ ಉತ್ಸವದಲ್ಲಿ ಗಿಟಾರಿಗೆ ಬೆಂಕಿ ಹಚ್ಚಿ ಇಡೀ ಉತ್ಸವವನ್ನೇ ಹೊತ್ತುಕೊಂಡು ಹೋಗಿದ್ದ. ಅಲ್ಲಿ ಸರದಿಯ ಜಗಳ ನಾಣ್ಯ ಹಾರಿಸುವವರೆಗೂ ಹೋಗಿತ್ತು. ದ ಹೂ ಬ್ಯಾಂಡಿನವರಿಗೆ ಹೆಂಡ್ರಿಕ್ಸ್ ಆದಮೇಲೆ ಬರುವ ಧೈರ್ಯ ಇರಲಿಲ್ಲ, ಹೆಂಡ್ರಿಕ್ಸ್‌ಗೆ ಅವರ ನಂತರ ಹೋಗಲು ಮನಸ್ಸಿರಲಿಲ್ಲ. ನಾಣ್ಯದಲ್ಲಿ ದ ಹೂ ಗೆದ್ದರು, ಮೊದಲು ಹೋಗಿ ಗಿಟಾರ್, ಡ್ರಮ್ಸ್ ಎಲ್ಲ ಒಡೆದು ಹಾಕಿ ಬಂದರು. ಇಬ್ಬರ ನಡುವೆ ಸಿಕ್ಕಿಕೊಂಡದ್ದು ಗ್ರೇಟ್‌ಫುಲ್ ಡೆಡ್. ಅವರು ಏನು ನುಡಿಸಿದರೋ ದೇವರಿಗೇ ಗೊತ್ತು, ಯಾರೂ ಆ ಬಗ್ಗೆ ಮಾತಾಡುವುದಿಲ್ಲ. ಆದರೆ ಆ ರಾತ್ರಿ ಕಟ್ಟಕಡೆಗೆ ಹಾಡಿದವರು ಯಾರು ಅಂತ ಗೊತ್ತಾ? ಮಾಮಾಸ್ ಅಂಡ್ ಪಾಪಾಸ್. ಉತ್ಸವ ನಡೆಸಿದವರಲ್ಲಿ ಒಬ್ಬರಾದ ಜಾನ್ ಫಿಲಿಪ್ಸ್ ಅವರದೇ ಬ್ಯಾಂಡು. ಅಂದರೆ ಗಿಟಾರಿನ ಬೂದಿ ಗುಡಿಸಿದ ಸ್ಟೇಜ್ ಮೇಲೆ ನಿಂತು ಇಂಪಾಗಿ ಹಾಡಬೇಕಾಗಿ ಬಂದದ್ದು ಕಾರ್ಯಕ್ರಮ ಏರ್ಪಡಿಸಿದವರಿಗೇ.

ಅಲ್ಲೂ ಅದೇ ಮನುಷ್ಯ, ಇಲ್ಲೂ ಅದೇ ಮನುಷ್ಯ, ನಡುವೆ ಮೂರೇ ವಾರ. ಬದಲಾದದ್ದು ಎದುರಿಗೆ ನಿಂತ ಜನ. ಪ್ರಿನ್ಸ್‌ಗೂ 1981ರಲ್ಲಿ ಲಾಸ್ ಏಂಜಲೀಸ್ ಕಾಲಿಸಿಯಂನಲ್ಲಿ ಹೀಗೇ ಆಯಿತು. ಮತ್ತೆ ಸ್ಟೋನ್ಸ್ ಕಾರ್ಯಕ್ರಮವೇ! ಅವರಿಗೆ ಓಪನಿಂಗ್ ಮಾಡಲು ಹೋದವನಿಗೆ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದು ಓಡಿಸಿದರು. ಮೂರು ವರ್ಷ ಆಗುವುದರೊಳಗೆ ಪ್ರಿನ್ಸ್ ಅಮೆರಿಕದ ಅತಿ ದೊಡ್ಡ ತಾರೆಗಳಲ್ಲಿ ಒಬ್ಬನಾಗಿದ್ದ. ಎಸೆದವರು ಆಮೇಲೆ ಅವನ ರೆಕಾರ್ಡ್ ಕೊಂಡಿರುತ್ತಾರೆ, ಬೇಕಾದರೆ ಪಣ ಕಟ್ಟುತ್ತೇನೆ.

ಸರಿ, ನಡೆಯುವುದು ಹೇಗೆ ಹಾಗಾದರೆ? ಮೇಲ್ನೋಟಕ್ಕೆ ಎಲ್ಲವೂ ಮೊದಲು ಹಾಡುವವರ ವಿರುದ್ಧವೇ ಇರುತ್ತದೆ. ಸೌಂಡ್ ಚೆಕ್ ಸಾಮಾನ್ಯವಾಗಿ ಉಲ್ಟಾ ನಡೆಯುತ್ತದೆ, ಅಂದರೆ ಕೊನೆಗೆ ಹಾಡುವವರದು ಮೊದಲು. ದೊಡ್ಡವರು ಮಧ್ಯಾಹ್ನ ಬಂದು ನಿಧಾನವಾಗಿ ಎಲ್ಲ ಸರಿಮಾಡಿಕೊಂಡು ಹೋಗುತ್ತಾರೆ, ಅವರದು ತಡವಾದರೆ ಆ ತಡ ಪೂರ್ತಿ ಚಿಕ್ಕವರ ತಲೆ ಮೇಲೆ. ಬಾಗಿಲು ತೆಗೆಯುವ ಹೊತ್ತಾಯಿತು ಅಂದರೆ ಇವರಿಗೆ ಸಿಗುವುದು ಮೈಕುಗಳಲ್ಲಿ ಶಬ್ದ ಬರುತ್ತದಾ ಇಲ್ಲವಾ ಅಂತ ನೋಡಿಕೊಳ್ಳುವಷ್ಟು ಸಮಯ ಮಾತ್ರ. ಸ್ಟೇಜಿನ ಮುಂದಿನ ಪಟ್ಟಿಯಷ್ಟೇ ಜಾಗ, ಲೈಟು ಕಮ್ಮಿ, ಕೆಲವು ಟೂರ್‌ಗಳಲ್ಲಿ ಸ್ಪೀಕರಿನ ದನಿಯನ್ನೂ ಒಂದು ಮಟ್ಟಕ್ಕಿಂತ ಮೇಲೆ ಏರಿಸಲು ಬಿಡುವುದಿಲ್ಲ. ಸಮಯವಂತೂ ಕಟ್ಟುನಿಟ್ಟು. 2006ರಲ್ಲಿ ಎರಿಕ್ ಚರ್ಚ್ ಅನ್ನುವ ಕಂಟ್ರಿ ಗಾಯಕ ರಾಸ್ಕಲ್ ಫ್ಲಾಟ್ಸ್ ಟೂರ್‌ನಲ್ಲಿ ತನಗೆ ಕೊಟ್ಟ ಸಮಯ ಮೀರಿ ಹಾಡಿ ಕೆಲಸ ಕಳೆದುಕೊಂಡ. ಅವನ ಜಾಗಕ್ಕೆ ಬಂದದ್ದು ಟೇಲರ್ ಸ್ವಿಫ್ಟ್ ಅನ್ನುವ ಹದಿನಾರು ವರ್ಷದ ಹುಡುಗಿ. ಕೆಲವರ ನಸೀಬು ಹಾಗೆ ತೆರೆಯುತ್ತದೆ.

ಆದರೆ ಇದೇ ಇಕ್ಕಟ್ಟುಗಳೇ ಅವರಿಗೆ ಅನುಕೂಲವೂ ಆಗುತ್ತವೆ, ನಾನು ಹೇಳಬೇಕು ಅಂದುಕೊಂಡದ್ದು ಇದು. ಮೂವತ್ತು ನಿಮಿಷದಲ್ಲಿ ಆರೋ ಏಳೋ ಹಾಡು. ಯಾರಾದರೂ ಅಷ್ಟರಲ್ಲಿ ತಮ್ಮ ಕೆಟ್ಟ ಹಾಡನ್ನು ತುರುಕುತ್ತಾರಾ? ಕೈಯಲ್ಲಿರುವ ಒಳ್ಳೆಯದನ್ನೆಲ್ಲ ಸಾಲಾಗಿ ಇಟ್ಟುಬಿಡುತ್ತಾರೆ. ಎರಡು ಗಂಟೆ ಹಾಡುವವರಿಗೆ ಆ ಸ್ವಾತಂತ್ರ್ಯ ಇಲ್ಲ. ಹೊಸ ಆಲ್ಬಂ ಮಾರಬೇಕು, ಹಳೆಯ ಹಿಟ್‌ಗಳನ್ನು ಹಾಡದಿದ್ದರೆ ಜನ ಬಿಡುವುದಿಲ್ಲ, ಹಾಡಿ ಹಾಡಿ ಅವರಿಗೇ ಬೇಜಾರಾಗಿರುತ್ತದೆ, ನಡುವೆ ಡ್ರಮ್ಮರ್‌ಗೆ ಒಂದು ಸೋಲೋ ಬೇರೆ. ಕೇಳುವವರ ಕಿವಿಯೂ ಲೆಕ್ಕಕ್ಕೆ ಬರುತ್ತದೆ. ಜೋರು ಶಬ್ದದಲ್ಲಿ ಒಂದೆರಡು ಗಂಟೆ ನಿಂತರೆ ಕಿವಿ ಸ್ವಲ್ಪ ಹೊತ್ತಿಗೆ ಮಂದವಾಗುತ್ತದೆ, ಅದರಲ್ಲೂ ತಾರ ಸ್ವರಗಳು ಹತ್ತಿ ಇಟ್ಟ ಹಾಗೆ ಕೇಳಿಸುತ್ತವೆ. ಮೊದಲು ಹಾಡಿದವರಿಗೆ ಸಿಕ್ಕಿದ್ದು ನಮ್ಮ ತಾಜಾ ಕಿವಿ, ತಾಜಾ ಕಾಲು. ಹೆಡ್‌ಲೈನರ್‌ಗೆ, ಅಂದರೆ ಕೊನೆಗೆ ಹಾಡುವ ದೊಡ್ಡ ಬ್ಯಾಂಡಿಗೆ, ಸಿಗುವುದು ಉಳಿದದ್ದು.

ಇವೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಅವರಿಗಾಗಿ ಯಾರೂ ಕಾದಿರುವುದಿಲ್ಲ. ನನ್ನ ಹನ್ನೆರಡು ವರ್ಷದ ಬ್ಯಾಂಡು ಅವತ್ತು ಪೈಪೋಟಿಗೆ ಬಿದ್ದದ್ದು ಆ ಮೂವರ ಜೊತೆ ಅಲ್ಲ. ನಾನು ಹನ್ನೆರಡು ವರ್ಷ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕಟ್ಟಿಕೊಂಡಿದ್ದ ಒಂದು ಕಾರ್ಯಕ್ರಮದ ಜೊತೆ. ಅದನ್ನು ಯಾರು ಮೀರಿಸಲು ಆಗುತ್ತದೆ? ಆ ಮೂವರು ಮಾತ್ರ ಸೊನ್ನೆಯಿಂದ ಶುರು ಮಾಡಿದ್ದರು, ಸೊನ್ನೆಗಿಂತ ಏನು ಸಿಕ್ಕಿದರೂ ಲಾಭವೇ. ಆ ತಂತಿ ಹರಿದದ್ದು ದೊಡ್ಡ ಬ್ಯಾಂಡಿಗೆ ಆಗಿದ್ದರೆ, ಅದೂ ಅವರು ಸ್ಟೇಜಿನ ತುದಿಯಲ್ಲಿ ಕೂತು ತಂತಿ ಹಾಕಿಕೊಂಡಿದ್ದರೆ, ನಾನೇ ಮೊದಲು ಬೈಯುತ್ತಿದ್ದೆ. ಇಷ್ಟು ದೊಡ್ಡ ಬ್ಯಾಂಡು, ಇನ್ನೊಂದು ಗಿಟಾರ್ ಇಟ್ಟುಕೊಳ್ಳೋಕೆ ಆಗಲ್ವಾ ಅಂತ.

ಹಾಗಂತ ಹೆಡ್‌ಲೈನರ್‌ಗಳು ಬುದ್ಧಿವಂತರಾದರೆ ಸಪ್ಪೆಯಾದವರನ್ನು ಮುಂದೆ ಇಟ್ಟುಕೊಳ್ಳಬೇಕು ಅಂತ ಕೆಲವರು ಅನ್ನುತ್ತಾರೆ. ಹಾಗೆ ಮಾಡುವವರೂ ಇದ್ದಾರೆ. ನನಗೆ ಅದು ಸಣ್ಣತನ ಅನ್ನಿಸುತ್ತದೆ. 1963ರ ಮೇ ತಿಂಗಳಲ್ಲಿ ಬೀಟಲ್ಸ್ ಮತ್ತು ರಾಯ್ ಆರ್ಬಿಸನ್ ಬ್ರಿಟನ್ನಿನಲ್ಲಿ ಒಟ್ಟಿಗೆ ಟೂರ್ ಮಾಡಿದರು. ಮೊದಲು ಗೊತ್ತುಮಾಡಿದ್ದು ಆರ್ಬಿಸನ್ ಹೆಡ್‌ಲೈನರ್ ಅಂತ, ಆದರೆ ಅಲ್ಲಿ ಬೀಟಲ್ಸ್ ಹುಚ್ಚು ಎಷ್ಟು ಏರಿತ್ತು ಅಂದರೆ ಸರದಿ ತಿರುಗಿಸಬೇಕಾಯಿತು, ಆರ್ಬಿಸನ್ ಒಪ್ಪಿಕೊಂಡರು. ಒಪ್ಪಿಕೊಂಡು ಏನು ಮಾಡಿದರು? ಕಪ್ಪು ಕನ್ನಡಕ, ಕಪ್ಪು ಬಟ್ಟೆ, ಕುಣಿತ ಇಲ್ಲ, ಕೈ ಬೀಸುವುದೂ ಇಲ್ಲ. ಕಂಬದ ಹಾಗೆ ನಿಂತಲ್ಲೇ ನಿಂತು ಹಾಡಿದರು. ಬೀಟಲ್ಸ್ ನೋಡಲು ಬಂದ ಜನ ಅವರನ್ನು ಬಿಡದೆ ಮತ್ತೆ ಮತ್ತೆ ಕರೆದರು. ಪರದೆ ಹಿಂದೆ ನಾಲ್ಕು ಹುಡುಗರು ಕಾಯುತ್ತಾ ನಿಂತಿದ್ದರು, ಕೊನೆಗೆ ಅವರಲ್ಲಿ ಲೆನನ್, ಮೆಕಾರ್ಟ್ನಿ ಇಬ್ಬರೂ ಸೇರಿ ಆರ್ಬಿಸನ್‌ರನ್ನು ಹಿಡಿದು ನಿಲ್ಲಿಸಬೇಕಾಯಿತು ಅನ್ನುವ ಕಥೆಯೂ ಇದೆ. ಆರ್ಬಿಸನ್ ನಂತರ ಹೋಗುವುದು ಎಷ್ಟು ಕಷ್ಟವಾಗಿತ್ತು ಅಂತ ಬೀಟಲ್ಸ್‌ನ ಡ್ರಮ್ಮರ್ ರಿಂಗೋ ಆಮೇಲೆ ಹೇಳಿದ್ದಾರೆ. ದಿನಾ ರಾತ್ರಿ ಅಂಥವರ ನಂತರ ಸ್ಟೇಜ್ ಹತ್ತಿದ ನಾಲ್ವರು ಅದರಿಂದ ಕೆಟ್ಟುಹೋಗಲಿಲ್ಲ ಅನ್ನುವುದು ನಮಗೆ ಗೊತ್ತೇ ಇದೆ.

ಅವತ್ತು ನನ್ನ ಬ್ಯಾಂಡು ಹಾಡುತ್ತಿರುವಾಗಲೇ ನಾನು ಒಂದು ಸಲ ಹೊರಗೆ ಬಂದೆ. ಬಾಗಿಲ ಪಕ್ಕ ಟೀ ಶರ್ಟ್, ಸಿಡಿ ಇಟ್ಟುಕೊಂಡ ಟೇಬಲ್ ಇತ್ತು. ತಂತಿ ಹರಿದುಕೊಂಡ ಆ ಹುಡುಗ ಅಲ್ಲಿ ಒಬ್ಬನೇ ನಿಂತಿದ್ದ. ಬೆರಳಿಗೆ ಟೇಪ್ ಸುತ್ತಿತ್ತು. ತಂತಿ ಹರಿದಾಗ ಕುಯ್ದಿರಬೇಕು. ಒಂದು ಸಿಡಿ ಕೊಂಡೆ, ತುಂಬಾ ಚೆನ್ನಾಗಿತ್ತು ಅಂದೆ, ಇನ್ನೂ ಏನೋ ಹೇಳಬೇಕು ಅಂತ ನಿಂತೆ. ನಿಜ ಹೇಳಬೇಕೆಂದರೆ ಒಳಗಿರುವವರಿಗಿಂತ ನೀವೇ ವಾಸಿ ಅಂತ ಹೇಳುವುದರಲ್ಲಿದ್ದೆ. ಅವನು ಗೋಡೆಯ ಆಚೆ ಕೇಳಿಸುತ್ತಿದ್ದ ಹಾಡಿನ ಕಡೆ ಕಿವಿ ಕೊಟ್ಟಿದ್ದ. "ನೀವು ಒಳಗೆ ಹೋಗಿ, ಇದಾದ ಮೇಲೆ ಬರೋ ಹಾಡು ಬಿಡಬೇಡಿ. ನಾನು ಈ ಟೂರ್‌ನಲ್ಲಿ ದಿನಾ ಕೇಳ್ತಿದೀನಿ" ಅಂದ. ಹೋದೆ. ಪಿಯಾನೋ ಒಂದೇ ಇಟ್ಟುಕೊಂಡು ಹಾಡಿದ ಹಾಡು ಅದು, ಆ ರಾತ್ರಿ ಅವರು ಹಾಡಿದ್ದರಲ್ಲಿ ನಿಜವಾಗಿ ಚೆನ್ನಾಗಿದ್ದದ್ದು ಅದೊಂದೇ. ಅವನು ಹೇಳದಿದ್ದರೆ ನಾನು ಆ ಹೊತ್ತಿಗೆ ಟೇಬಲ್ ಹತ್ತಿರ ನಿಂತು ಅವರನ್ನು ಬೈಯುತ್ತಾ ಇರುತ್ತಿದ್ದೆ.

ಎರಡು ವರ್ಷ ಆದಮೇಲೆ ಆ ಮೂವರದೇ ಸ್ವಂತ ಕಾರ್ಯಕ್ರಮ ಇತ್ತು. ಅಷ್ಟು ಹೊತ್ತಿಗೆ ನಾಲ್ಕು ಜನ ಆಗಿದ್ದರು. ಹಾಲ್ ಪೂರ್ತಿ ಭರ್ತಿ. ಎಲ್ಲರಿಗೂ ಮೊದಲೇ ಇವರನ್ನು ಕಂಡುಹಿಡಿದವನು ನಾನೇ ಅನ್ನುವ ಜಂಬದಲ್ಲಿ, ಅವರು ಬರುವುದು ಒಂಬತ್ತಕ್ಕಲ್ವಾ ಅಂತ ಆರಾಮಾಗಿ ಹೊರಟು ಸರಿಯಾಗಿ ಒಂಬತ್ತಕ್ಕೆ ಒಳಗೆ ಕಾಲಿಟ್ಟೆ. ಲೈಟುಗಳೆಲ್ಲ ಉರಿಯುತ್ತಿದ್ದವು. ಪ್ರತಿ ಹಾಡಿಗೂ ಪಕ್ಕದಿಂದ ಒಬ್ಬ ಬಂದು ಬೇರೆ ಗಿಟಾರ್ ಕೊಟ್ಟು ಹೋಗುತ್ತಿದ್ದ. ಮೊದಲ ಅರ್ಧ ಗಂಟೆ ನಾನು ನೆನಪಿಟ್ಟುಕೊಂಡ ಹಾಗೇ ಇತ್ತು. ಆಮೇಲೆ ಹೊಸ ಹಾಡುಗಳು ಬಂದವು, ಒಂದರ ಹಾಗೇ ಇನ್ನೊಂದು, ಮುಗಿಯುವ ಲಕ್ಷಣ ಇಲ್ಲ. ನಾನು ಫೋನ್ ತೆಗೆದು ಟೈಮ್ ನೋಡಿದೆ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ. ಆ ತಂತಿಯ ಹಾಡು ಬಂದಾಗ ಜನ ಕೂಗಿದರು, ಅವನು ನಕ್ಕು ಮೈಕನ್ನು ನಮ್ಮ ಕಡೆ ಹಿಡಿದ.

ಮುಗಿದ ಮೇಲೆ ಮೆಟ್ಟಿಲು ಇಳಿಯುತ್ತಿದ್ದೆವು, ನೂಕುನುಗ್ಗಲು. ಮುಂದೆ ಇಬ್ಬರು ಹುಡುಗರು ಜೋರಾಗಿ ಮಾತಾಡಿಕೊಂಡು ಹೋಗುತ್ತಿದ್ದರು. "ಫಸ್ಟ್ ಒಬ್ಬಳೇ ಕೂತು ಹಾಡಿದಳಲ್ಲ, ಅವಳ ಹೆಸರೇನೋ?" ಅಂದ ಒಬ್ಬ. "ಗೊತ್ತಿಲ್ಲ ಕಣೋ, ಆದ್ರೆ ಇವರೆಲ್ಲ ಅವಳ ಮುಂದೆ ಏನೂ ಅಲ್ಲ ಬಿಡು" ಅಂದ ಇನ್ನೊಬ್ಬ. ನಾನು ಅವರನ್ನು ದಾಟಿ ಹೋಗದೆ ಸ್ವಲ್ಪ ಹೊತ್ತು ಹಿಂದೆಯೇ ನಡೆದೆ, ಹೆಸರು ನೆನಪಾಗಿ ಬಾಯಿಬಿಡುತ್ತಾರೇನೋ ಅಂತ. ಬಿಡಲಿಲ್ಲ. ಜೇಬಿನಿಂದ ಟಿಕೆಟ್ ತೆಗೆದು ನೋಡಿದೆ. "ಜೊತೆಗೆ ವಿಶೇಷ ಅತಿಥಿಗಳು" ಅಂತ ಇತ್ತು.